ವಾಚು ತೋರಿಸಿದ ಮನೆ

ನಾನು ಹೇಳಿದರೆ ಕಿವಿಗೇ ಹಾಕಿಕೊಳ್ಳದ ನನ್ನ ಹೆಂಡತಿ ಆರ್ಡಿಸ್, ವಾಚು ಹೇಳಿದರೆ ಮಾತ್ರ ತಲೆಬಾಗುತ್ತಿದ್ದಳು. "ನಿನ್ನೆ ಅಷ್ಟು ದೂರ ಹೋಗಿ ಬಂದಿದ್ದೀಯ, ಇವತ್ತು ಸೈಕಲ್ ಬೇಡ ಕಣೇ" ಎಂದು ನಾನು ಬೆಳಗಿನಿಂದ ಬಡಕೊಂಡರೂ ಬೂಟಿನ ಲೇಸು ಕಟ್ಟುತ್ತಲೇ ಇರುತ್ತಿದ್ದಳು. ಆಮೇಲೆ ಮಣಿಕಟ್ಟು ನೋಡಿಕೊಂಡು, "ಇವತ್ತು ವಿಶ್ರಾಂತಿ ತಗೋ ಅಂತಿದೆ" ಎಂದು ತಾನೇ ಬಿಚ್ಚಿಬಿಡುತ್ತಿದ್ದಳು. ರಾತ್ರಿ ನಿದ್ದೆ ಹೇಗಾಯಿತು, ಎದೆ ಎಷ್ಟು ಜೋರಾಗಿ ಬಡಿಯಿತು, ದಿಣ್ಣೆ ಹತ್ತುವಾಗ ಎಲ್ಲಿ ಏದುಸಿರು ಬಂತು, ಎಲ್ಲ ಅದಕ್ಕೆ ಗೊತ್ತು. ಪಕ್ಕದಲ್ಲೇ ಮಲಗುವ ನನಗೆ ಗೊತ್ತಿಲ್ಲ. ಗಂಡಸಿಗೂ ಸವತಿಯ ಕಾಟ ಇರುತ್ತದೆ ಅಂತ ನನಗೆ ತಿಳಿದದ್ದು ಆ ವಾಚು ಮನೆಗೆ ಬಂದ ಮೇಲೆ.

ನಮ್ಮದು ಅಮೆರಿಕದ ವಿಸ್ಕಾನ್ಸಿನ್‌ನ ಪಶ್ಚಿಮದ ದಿಣ್ಣೆ ಸೀಮೆ. ನಾನು ಲೋವೆಲ್ ಸಾಥರ್, ಡೈರಿಗಳಿಂದ ಹಾಲು ತುಂಬಿಕೊಂಡು ಚೀಸ್ ಕಾರ್ಖಾನೆಗೆ ಟ್ಯಾಂಕರ್ ಓಡಿಸುತ್ತಿದ್ದವನು. ಇಲ್ಲಿಯ ನಾರ್ವೆ ಮೂಲದ ಗಂಡಸರು ಬಾಯಿ ತೆರೆಯುವುದು ಹಾಲಿನ ಬೆಲೆ ಬಿದ್ದಾಗ, ಇಲ್ಲವೇ ಹಿಮ ಬಿದ್ದಾಗ. ನಾನೊಬ್ಬ ಬಾಯಿಬಡುಕ ಅವರ ಮಧ್ಯೆ ಹೇಗೋ ಹುಟ್ಟಿಬಿಟ್ಟೆ. ಆರ್ಡಿಸ್ ಹೈಸ್ಕೂಲಿನಲ್ಲಿ ವ್ಯಾಯಾಮದ ಟೀಚರ್ ಆಗಿದ್ದಳು. ನಿವೃತ್ತಿಯಾದ ಮೇಲೆ ಬೇರೆ ಹೆಂಗಸರು ಕಸೂತಿಗೆ ಕೂತರೆ ಇವಳು ಸೈಕಲ್ ಹತ್ತಿದಳು. ಊರಿನ ಔಷಧಿ ಅಂಗಡಿಯ ರೆನಾಟಾ ಕುಬಿಯಾಕ್ ಇವಳಿಗೆ ಜೊತೆ. ರೆನಾಟಾ ವಯಸ್ಸಿನಲ್ಲಿ ಚಿಕ್ಕವಳು, ನಾಲಿಗೆಯಲ್ಲಿ ನನಗಿಂತಲೂ ದೊಡ್ಡವಳು. ಮಂಗಳವಾರ ಇವರ ಗುಂಪು ಒಟ್ಟಿಗೆ ಹೋಗುತ್ತದೆ, ಮಿಕ್ಕ ದಿನ ಆರ್ಡಿಸ್ ಒಬ್ಬಳೇ.

ಒಬ್ಬಳೇ ಹೋಗುವುದೇ ಅವಳಿಗೆ ಇಷ್ಟ. ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ನೂರು ಮೈಲಿಯ ಸವಾರಿ ನಡೆಯುತ್ತದೆ. ಅದಕ್ಕೆ ವಾಚು ಅವಳಿಗೆ ತಿಂಗಳುಗಟ್ಟಲೆ ಮೊದಲೇ ಪಾಠ ಹಾಕಿಕೊಡುತ್ತಿತ್ತು. ಒಂದು ದಿನ ನಿಧಾನವಾಗಿ ದೂರ ಹೋಗುವುದು, ಇನ್ನೊಂದು ದಿನ ಒಂದೇ ದಿಣ್ಣೆಯನ್ನು ಜೀವ ಹೋಗುವಂತೆ ಹತ್ತಿ ಇಳಿದು ಮತ್ತೆ ಹತ್ತುವುದು. ಎದೆಬಡಿತ ಮಿತಿ ಮೀರಿದರೆ ಕೈ ಮೇಲೆ ಗುರ್ ಅನ್ನುತ್ತಿತ್ತು. ನಾನು ಪಿಕಪ್ಪಿನಲ್ಲಿ ಆ ಕಡೆ ಹೋಗುವಾಗ ಅವಳು ಬೆನ್ನು ಬಗ್ಗಿಸಿಕೊಂಡು, ಕಾರು ಮುಟ್ಟದ ಆಮಿಶ್ ಜನರ ಕುದುರೆ ಗಾಡಿಯನ್ನೂ ಹಿಂದೆ ಹಾಕಿ ಏರುತ್ತಿರುವುದು ಕಾಣುತ್ತಿತ್ತು. ಗಾಡಿಯವನು ಟೋಪಿ ತೆಗೆದು ನಗುತ್ತಿದ್ದ. ನನಗೆ ಹೆಮ್ಮೆ ಆಗುತ್ತಿತ್ತು, ಆದರೆ ಹೇಳುತ್ತಿರಲಿಲ್ಲ. "ಕುದುರೆಗಾದರೂ ಹುಲ್ಲು ಹಾಕಿದರೆ ಸಾಕು, ನಿನಗೆ ಮೂರು ತಟ್ಟೆ ಆಲೂಗಡ್ಡೆ ಬೇಕು" ಎನ್ನುತ್ತಿದ್ದೆ.

ಹೋದ ಚಳಿಗಾಲ ಲಾಕ್ರಾಸ್‌ನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಆರ್ಡಿಸ್‌ಗೆ ಮರೆವಿನ ಕಾಯಿಲೆ ಎಂದಳು. ಮುದುಕರ ಮಾಮೂಲಿ ಮರೆವಲ್ಲ, ಬರಬರುತ್ತ ಎಲ್ಲವನ್ನೂ ತಿಂದುಹಾಕುವಂಥದ್ದು. ಎರಡು ವರ್ಷದಿಂದ ಕಾಣಿಸುತ್ತಲೇ ಇತ್ತು, ನಾವು ನೋಡಿಯೂ ನೋಡದ ಹಾಗೆ ಇದ್ದೆವು. ಆರ್ಡಿಸ್ ಕೇಳಿದ್ದು ಒಂದೇ ಪ್ರಶ್ನೆ.

"ಸೈಕಲ್ ಹೊಡೀಬೋದಾ?"

"ಎಷ್ಟು ದಿನ ಆಗುತ್ತೋ ಅಷ್ಟು ದಿನ ಹೊಡೀರಿ. ಒಳ್ಳೇದೇ" ಎಂದಳು ಡಾಕ್ಟರಮ್ಮ. "ಆದ್ರೆ ಒಬ್ರೇ ಹೋಗೋದು ಯಾವಾಗ ನಿಲ್ಲಿಸ್ಬೇಕು ಅಂತ ನೀವಿಬ್ರೂ ಈಗ್ಲೇ ಮಾತಾಡ್ಕೊಂಡ್ರೆ ಒಳ್ಳೇದು."

ನದಿ ದಾಟಿ ದಿಣ್ಣೆ ಹತ್ತಿ ಮನೆಯ ಹಿಂದೆ ಗಾಡಿ ನಿಲ್ಲಿಸಿದ ಮೇಲೆ ಅವಳು ಬಾಗಿಲು ತೆರೆಯದೆ ಕೂತಳು.

"ಲೋವೆಲ್, ಒಂದು ಮಾತು ಕೊಡು."

"ಏನು?"

"ಒಬ್ಬಳೇ ಹೋಗಿ ಒಬ್ಬಳೇ ಮನೆಗೆ ವಾಪಸ್ ಬರೋ ತನಕ ನನ್ನ ಸೈಕಲ್ಲಿಗೆ ಕೈ ಹಾಕ್ಬೇಡ. ಯಾವತ್ತು ಬರಕ್ಕಾಗಲ್ವೋ ಅವತ್ತು ಅದನ್ನ ರೆನಾಟಾಗೆ ಕೊಟ್ಬಿಡು. ನಾನು ಅತ್ರೂ ಕೊಡು, ಬೈದ್ರೂ ಕೊಡು. ಅದಕ್ಕಿಂತ ಒಂದು ದಿನ ಮೊದ್ಲೂ ಬೇಡ, ಒಂದು ದಿನ ಆಮೇಲೂ ಬೇಡ."

"ಆಯ್ತು" ಎಂದೆ.

"ಹೆದರ್ಕೊಂಡು ನೀನೇ ಹುಡುಕ್ಕೊಂಡು ಬಂದು ಕರ್ಕೊಂಡು ಹೋದ್ರೆ ಅದು ಲೆಕ್ಕಕ್ಕಿಲ್ಲ ಕಣೋ. ನನಗೆ ಸಮಯ ಕೊಡ್ಬೇಕು."

"ಆಯ್ತು ಮಾರಾಯ್ತಿ, ಇಳಿ. ಚಳಿ."

ಬಾಯಲ್ಲಿ ಚಳಿ ಅಂದೆ. ನಲವತ್ತು ವರ್ಷ ಜೊತೆಗಿದ್ದವಳು ತನ್ನ ಕೊನೆಯ ಸ್ವಾತಂತ್ರ್ಯಕ್ಕೆ ನನ್ನನ್ನೇ ಕಾವಲುಗಾರನನ್ನಾಗಿ ಮಾಡಿದ್ದಳು.

ಹಿಮ ಕರಗಿದ ಮೇಲೆ ರೆನಾಟಾ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ವಾಚಿನ ಒಂದು ಉಪಾಯ ತೋರಿಸಿಕೊಟ್ಟಳು. ದಾರಿ ತಪ್ಪಿದರೆ ಪಕ್ಕದ ಗುಂಡಿಯನ್ನು ಒತ್ತಿ ಹಿಡಿಯಬೇಕು. ಉಪಗ್ರಹ ನೋಡಿಕೊಂಡು, ಸವಾರಿ ಎಲ್ಲಿಂದ ಶುರುವಾಯಿತೋ ಅಲ್ಲಿಗೆ ಅದು ಬಾಣದ ಗುರುತು ಹಾಕಿ ಕರೆದುಕೊಂಡು ಬರುತ್ತದೆ. ತಿರುವಿಗೆ ಮೊದಲು ಕೈ ಮೇಲೆ ಗುರ್ ಅನ್ನುತ್ತದೆ. ತಲುಪಿದ ಮೇಲೆ 'ತಲುಪಿದಿರಿ' ಎಂದು ಬರೆದು ಸಣ್ಣ ಬಾವುಟ ತೋರಿಸುತ್ತದೆ.

"ಅವಳು ಎಲ್ಲಿದಾಳೆ ಅಂತ ನನ್ನ ಫೋನಿನಲ್ಲಿ ಕಾಣೋ ಹಾಗೆ ಮಾಡಕ್ಕಾಗಲ್ವಾ?" ಎಂದು ನಾನು ಕೇಳಿದೆ.

"ಆಗುತ್ತೆ. ಕಣಿವೇಲಿ ಸಿಗ್ನಲ್ ಸಿಗಲ್ಲ, ದಿಣ್ಣೆ ಮೇಲಾದ್ರೆ..."

"ಬೇಡ" ಎಂದು ಆರ್ಡಿಸ್ ಮಧ್ಯದಲ್ಲೇ ತಡೆದಳು. "ನಾನೇನು ನಿಮ್ಮ ಡೈರಿ ಹಸುವಾ, ಕೊರಳಿಗೆ ಪಟ್ಟಿ ಹಾಕ್ಕೊಂಡು ಎಲ್ಲಿ ಮೇಯ್ತಾ ಇದೀನಿ ಅಂತ ಫೋನಿನಲ್ಲಿ ನೋಡ್ಕೊಳಕ್ಕೆ?"

"ಹಸು ಹಾಲಾದ್ರೂ ಕೊಡುತ್ತೆ" ಎಂದೆ.

ರೆನಾಟಾ ನಕ್ಕು ನನ್ನ ತಲೆಗೊಂದು ಮೊಟಕಿದಳು. ಆರ್ಡಿಸ್ ಕೂಡ ನಕ್ಕಳು. ನನಗೆ ಅವಳ ನಗು ಬೇಕಾಗಿತ್ತು, ಸಿಕ್ಕಿತು.

ವಸಂತವೆಲ್ಲ ಚೆನ್ನಾಗಿಯೇ ನಡೆಯಿತು. ಹೋಗುತ್ತಿದ್ದಳು, ಬರುತ್ತಿದ್ದಳು. ಕೆಲವು ಸಲ ತಡವಾಗುತ್ತಿತ್ತು, ನಾನು ಹುಲ್ಲು ಕತ್ತರಿಸಿದ ಅಂಗಳವನ್ನೇ ಮತ್ತೆ ಕತ್ತರಿಸುತ್ತ ರಸ್ತೆ ನೋಡುತ್ತಿದ್ದೆ. ಬಂದವಳು ಬೆವರು ಒರೆಸಿಕೊಂಡು, "ಇವತ್ತು ಗುಂಡಿ ಒತ್ಲೇ ಇಲ್ಲ" ಎಂದೋ "ಇವತ್ತು ಒತ್ತಿದೆ" ಎಂದೋ ಹೇಳುತ್ತಿದ್ದಳು. ಒತ್ತಿದ ದಿನಗಳು ಹೆಚ್ಚಾದವು. ಆದರೂ ವಾಚಿನ ಪ್ರಕಾರ ಅವಳ ದಮ್ಮು ಹೆಚ್ಚುತ್ತಲೇ ಇತ್ತು. ಅವಳ ಶರೀರಕ್ಕೆ ಐವತ್ತರ ಪ್ರಾಯ ಅಂತ ಅದು ಸರ್ಟಿಫಿಕೇಟ್ ಕೊಟ್ಟಿತ್ತು. ಅದನ್ನು ಕಂಡಾಗ ಮಾತ್ರ ನನಗೆ ಆ ವಾಚನ್ನು ಕಲ್ಲಿಗೆ ಹಾಕಿ ಕುಟ್ಟಬೇಕು ಅನ್ನಿಸಿತು. ಕಾಲಿನಲ್ಲಿ ಬಲ ತುಂಬುತ್ತಿತ್ತು, ತಲೆಯಿಂದ ಸೋರಿ ಹೋಗುತ್ತಿತ್ತು. ಇದ್ಯಾವ ನ್ಯಾಯ?

ಜೂನಿನಲ್ಲಿ ಒಂದು ಮಧ್ಯಾಹ್ನ ಅವಳು ಬರಲಿಲ್ಲ.

ಊಟದ ಹೊತ್ತು ಮೀರಿತು. ಕಾಯುತ್ತೇನೆ ಅಂತ ಮಾತು ಕೊಟ್ಟಿದ್ದೆ, ಕಾದೆ. ಅಂಗಳ ಮುಗಿದು ಪಕ್ಕದ ಹೊಲದ ಅಂಚನ್ನೂ ಕತ್ತರಿಸಿದೆ. ಕೊನೆಗೆ ಆಗಲಿಲ್ಲ. ಅಂಗಡಿಯಿಂದ ಬ್ರೆಡ್ ತರಬೇಕು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಪಿಕಪ್ ತೆಗೆದೆ. ಬಹಳ ದೂರ ಹೋಗಬೇಕಾಗಲೇ ಇಲ್ಲ. ನಮ್ಮ ಮನೆಯಿಂದ ಎರಡು ಹೊಲದಾಚೆ, ರಸ್ತೆ ಕೂಡುವಲ್ಲಿ ಲೂಥರನ್ ಚರ್ಚು ಇದೆ. ಅದರ ಮುಂದೆ ಗಾಡಿ ನಿಲ್ಲಿಸುವ ಖಾಲಿ ಜಾಗದಲ್ಲಿ ಆರ್ಡಿಸ್ ಸೈಕಲ್ ಹಿಡಿದು ನಿಂತಿದ್ದಳು. ಒಮ್ಮೆ ವಾಚು ನೋಡುವಳು, ಒಮ್ಮೆ ನಾಲ್ಕು ರಸ್ತೆಗಳನ್ನೂ ನೋಡುವಳು. ಒಂದು ರಸ್ತೆಗೆ ಸ್ವಲ್ಪ ದೂರ ಹೋಗುವಳು, ಹೆದರಿ ತಿರುಗಿ ಮತ್ತೆ ಅದೇ ಜಾಗಕ್ಕೆ ಬರುವಳು. ಅಲ್ಲಿಂದ ನಮ್ಮ ಮನೆಯ ಹಸಿರು ಮಾಡು ಕಾಣುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ.

ನನಗೆ ಆಗ ಅರ್ಥವಾಯಿತು. ಈ ಸೈಕಲ್ಲಿನವರು ಯಾರೂ ಮನೆ ಬಾಗಿಲಲ್ಲಿ ವಾಚು ಶುರು ಮಾಡುವುದಿಲ್ಲ. ಇವರು ಹೋದ ದಾರಿಯ ನಕ್ಷೆಯೆಲ್ಲ ಇಂಟರ್ನೆಟ್ಟಿನಲ್ಲಿ ಬೀಳುತ್ತದಲ್ಲ, ಕಳ್ಳರು ಅದನ್ನು ನೋಡಿಕೊಂಡು ದುಬಾರಿ ಸೈಕಲ್ ಯಾವ ಮನೆಯಲ್ಲಿ ಮಲಗುತ್ತದೆ ಅಂತ ಪತ್ತೆ ಹಚ್ಚುತ್ತಾರಂತೆ. ಕೆಲವು ವರ್ಷಗಳ ಹಿಂದೆ ರೆನಾಟಾಳ ಗ್ಯಾರೇಜಿನಿಂದ ಎರಡು ಸೈಕಲ್ ಹೋದವು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅವತ್ತಿನಿಂದ ಗುಂಪಿನವರೆಲ್ಲ ಮನೆಯಿಂದ ಸ್ವಲ್ಪ ದೂರ ಹೋಗಿ ಸವಾರಿ ಶುರುಮಾಡುವ ಗುಂಡಿ ಒತ್ತುವ ಪದ್ಧತಿ ಇಟ್ಟುಕೊಂಡರು. ಈಗ ಮನೆಯನ್ನು ಮರೆಮಾಡುವ ಸೌಲಭ್ಯ ಅದರಲ್ಲೇ ಇದೆಯಂತೆ, ಆದರೆ ಇವರು ನಂಬಬೇಕಲ್ಲ. ಆರ್ಡಿಸ್ ಯಾವಾಗಲೂ ಚರ್ಚಿನ ಮುಂದೆ ಒತ್ತುತ್ತಿದ್ದಳು. ವಾಚು ಹೇಳಿದ ಮಾತಿನಂತೆ ಅವಳನ್ನು ಶುರುವಾದ ಜಾಗಕ್ಕೇ ತಂದು ಬಿಟ್ಟಿತ್ತು. ಅಲ್ಲಿಂದ ಮನೆಗೆ ಬರುವ ಎರಡು ಹೊಲದ ದಾರಿಯನ್ನು ಇಷ್ಟು ದಿನ ಅವಳ ತಲೆ ನೋಡಿಕೊಳ್ಳುತ್ತಿತ್ತು. ಅವತ್ತು ಅದು ಕೈಕೊಟ್ಟಿತ್ತು.

ಕಳ್ಳರಿಂದ ಬಚ್ಚಿಟ್ಟ ಮನೆ ಅವಳಿಗೇ ಸಿಕ್ಕಿರಲಿಲ್ಲ.

ನಾನು ಗಾಡಿ ನಿಲ್ಲಿಸಿ ಇಳಿದೆ. ನನ್ನನ್ನು ಕಂಡ ಕೂಡಲೇ ಅವಳ ಮುಖ ಸಡಿಲವಾಯಿತು, ಹಿಂದೆಯೇ ಗಟ್ಟಿಯಾಯಿತು.

"ಸ್ವಲ್ಪ ಸುಧಾರಿಸ್ಕೊಳ್ತಾ ಇದ್ದೆ" ಎಂದಳು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು.

"ನಾನು ಬ್ರೆಡ್ ತರಕ್ಕೆ ಹೊರಟಿದ್ದೆ" ಎಂದೆ. ನನ್ನದೂ ಒಂದು ಮೀಸೆ.

ಸೈಕಲ್ಲನ್ನು ಪಿಕಪ್ಪಿನ ಹಿಂದೆ ಹಾಕಿದೆ. ಅವಳು ಪಕ್ಕದಲ್ಲಿ ಕೂತು ಮನೆಯ ಮಾಡು ಹತ್ತಿರ ಬರುವುದನ್ನು ನೋಡಿದಳು. ಅಷ್ಟು ಹತ್ತಿರ ಇತ್ತು ಎನ್ನುವುದು ಅವಳಿಗೆ ಆಗ ಗೊತ್ತಾಯಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಇದು ಲೆಕ್ಕ ಅಲ್ವಾ ಲೋವೆಲ್?"

"ಯಾವುದು ಲೆಕ್ಕ?"

"ನಾಟಕ ಮಾಡ್ಬೇಡ. ನಾನು ಬರ್ಲಿಲ್ಲ. ಸೈಕಲ್ ಕೊಟ್ಬಿಡ್ಬೇಕು ಅಂತ ಮಾತಾಗಿತ್ತು."

"ನೀನು ಬಂದೆ. ವಾಚು ಅಲ್ಲಿ ನಿಲ್ಲಿಸ್ತು. ಅದು ವಾಚಿನ ತಪ್ಪು, ನಿಂದಲ್ಲ."

"ವಾಚಿಂದೇನೂ ತಪ್ಪಿಲ್ಲ."

"ಹಾಗಾದ್ರೆ ರೆನಾಟಾದು ತಪ್ಪು. ಗ್ಯಾರೇಜಿಗೆ ಬೀಗ ಹಾಕಿದ್ರೆ ಕಳ್ಳ ಬರ್ತಿದ್ನಾ? ಅದೂ ಅಲ್ದೆ ನಾನು ಬಂದು ಕರ್ಕೊಂಡ್ರೆ ಲೆಕ್ಕಕ್ಕಿಲ್ಲ ಅಂತ ನೀನೇ ಹೇಳಿದ್ದೆ."

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಹಾಲಿನ ಟ್ಯಾಂಕರ್ ಬಿಟ್ಟು ವಕೀಲಿಕೆ ಮಾಡ್ಬೇಕಿತ್ತು ನೀನು." ಆದರೆ ಮನೆಯೊಳಗೆ ಹೋದ ಮೇಲೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ನಲ್ಲಿ ಬಿಟ್ಟಿದ್ದಳು. ನಲ್ಲಿಯ ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ ಅಂತ ಅವಳ ಲೆಕ್ಕ. ಕೇಳಿಸಿತು.

ಮನೆ ಬಾಗಿಲಲ್ಲೇ ಶುರುವಿನ ಗುಂಡಿ ಒತ್ತು ಅಂತ ಹೇಳಿ ನೋಡಿದೆವು. ಆಯ್ತು ಅನ್ನುವಳು, ಹೊರಟ ಮೇಲೆ ಕೈ ತನ್ನಷ್ಟಕ್ಕೆ ಚರ್ಚಿನ ಮುಂದೆಯೇ ಒತ್ತುತ್ತಿತ್ತು. ತಲೆ ಮರೆತದ್ದನ್ನು ಬೆರಳು ಮರೆಯುತ್ತಿರಲಿಲ್ಲ. ಕೊನೆಗೆ ರೆನಾಟಾ ಹಾವೂ ಸಾಯದ ಕೋಲೂ ಮುರಿಯದ ದಾರಿ ಹುಡುಕಿದಳು. ನಮ್ಮ ಮನೆಯನ್ನೇ ವಾಚಿನೊಳಗೆ ಒಂದು ಊರಿನ ಹಾಗೆ ಗುರುತು ಹಾಕಿ ಇಟ್ಟಳು. ಸವಾರಿ ಎಲ್ಲಿ ಶುರುವಾದರೂ ಸರಿ, ಗುಂಡಿ ಒತ್ತಿ ಹಿಡಿದರೆ ನಮ್ಮ ಬಾಗಿಲಿಗೇ ಬರಬೇಕು.

"ಇನ್ನು ಕಳ್ಳರೂ ಸೀದಾ ಬರ್ತಾರೆ" ಎಂದು ನಾನು ರೇಗಿಸಿದೆ.

"ಬರ್ಲಿ ಬಿಡು" ಎಂದಳು ಆರ್ಡಿಸ್. "ಸೈಕಲ್ ಬೇಡ, ನಿನ್ನ ತಗೊಂಡು ಹೋಗಿ ಅಂತೀನಿ."

"ಒಂದು ವಾರದಲ್ಲಿ ವಾಪಸ್ ತಂದು ಬಿಡ್ತಾರೆ" ಎಂದಳು ರೆನಾಟಾ. "ಈ ಬಾಯಿ ಯಾರು ಸಹಿಸ್ಕೊಳ್ತಾರೆ?"

ಜುಲೈ ಪೂರ್ತಿ ಅದು ಕೆಲಸ ಮಾಡಿತು. ಸೆಪ್ಟೆಂಬರಿನ ಸವಾರಿಗೆ ಹೆಸರೂ ಕೊಟ್ಟಳು. ಬಾಣ ನೋಡುತ್ತ ಬರುವಳು, ಮನೆ ಕಾಣುತ್ತಲೇ ಮುಖ ಅರಳಿಸಿಕೊಂಡು ಹಿಂದಿನ ಗ್ಯಾರೇಜಿಗೆ ತಿರುಗುವಳು, ಸೈಕಲ್ಲನ್ನು ಗೋಡೆಯ ಕೊಕ್ಕೆಗೆ ನೇತುಹಾಕುವಳು, ಅಡುಗೆಮನೆಗೆ ಬಂದು, "ಒಬ್ಬಳೇ ಬಂದೆ" ಎನ್ನುವಳು. ದಿನಾ ಹೇಳುತ್ತಿದ್ದಳು. ನಾನು ದಿನಾ, "ಮತ್ತೆ ಇನ್ನೇನು, ದಿಬ್ಬಣದ ಜೊತೆ ಬರ್ತೀಯಾ?" ಎನ್ನುತ್ತಿದ್ದೆ. ಅವಳು ತಲೆ ಒರೆಸಿಕೊಂಡ ಟವೆಲನ್ನು ನನ್ನ ಮೇಲೆ ಎಸೆಯುತ್ತಿದ್ದಳು. ಇಷ್ಟಾದರೆ ನನಗೆ ಸಾಕಾಗಿತ್ತು. ಇಷ್ಟರಲ್ಲೇ ಇದು ನಿಂತುಬಿಡಲಿ, ಇನ್ನೂ ಕೆಳಗೆ ಇಳಿಯದಿರಲಿ ಎಂದು ಭಾನುವಾರ ಚರ್ಚಿನಲ್ಲಿ ಕಣ್ಣು ಮುಚ್ಚಿ ಕೇಳಿಕೊಂಡಿದ್ದೇನೆ. ಹಿಂದೆಂದೂ ನಾನು ದೇವರನ್ನು ಏನೂ ಕೇಳಿದವನಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ. ಹೊರಗೆ ಜೋಳ ಆಳೆತ್ತರ ನಿಂತಿತ್ತು, ಗಾಳಿಯಿಲ್ಲ. ಅವಳು ಬರುವ ಹೊತ್ತಾಗಿತ್ತು, ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಮುಂಬಾಗಿಲ ಗಂಟೆ ಹೊಡೆದುಕೊಂಡಿತು.

ನಮ್ಮ ಸೀಮೆಯಲ್ಲಿ ಮುಂಬಾಗಿಲು ಇರುವುದು ಅಂದಕ್ಕೆ. ಮನೆಯವರು, ನೆಂಟರು, ನೆರೆಯವರು ಎಲ್ಲರೂ ಹಿಂದಿನ ಬಾಗಿಲಿನಿಂದ, ಬೂಟು ಬಿಚ್ಚುವ ಕೋಣೆ ಹಾಯ್ದು ಅಡುಗೆಮನೆಗೇ ಬರುತ್ತಾರೆ. ಮುಂದೆ ಬಂದು ಗಂಟೆ ಒತ್ತುವವರು ಒಂದೋ ಏನಾದರೂ ಮಾರುವವರು, ಇಲ್ಲವೇ ಸಾವಿನ ಸುದ್ದಿ ತಂದವರು. ನಾನು ಚಾಕು ಹಿಡಿದುಕೊಂಡೇ ಓಡಿದೆ. ಅವಳಿಗೆ ಏನೋ ಆಗಿದೆ, ಪೊಲೀಸಿನವನು ಬಂದಿದ್ದಾನೆ ಅಂತಲೇ ಬಾಗಿಲು ತೆರೆದೆ.

ಆರ್ಡಿಸ್ ನಿಂತಿದ್ದಳು. ಹೆಲ್ಮೆಟ್ ಕೈಯಲ್ಲಿ, ಕೂದಲೆಲ್ಲ ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ಹಿಂದೆ ಮೆಟ್ಟಿಲಿಗೆ ಒರಗಿಸಿದ ಸೈಕಲ್.

"ನಮಸ್ಕಾರ" ಎಂದಳು. "ತೊಂದ್ರೆ ಕೊಡ್ತಾ ಇದೀನಿ, ಕ್ಷಮಿಸಿ."

ಎದೆಯ ಮೇಲಿನ ಬಂಡೆ ಇಳಿಯಿತು. ಏನೋ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮೊದಲಿನಿಂದಲೂ ಅವಳಿಗೆ ಈ ಚಾಳಿ ಇತ್ತು. ನಾನೂ ಬಿಟ್ಟುಕೊಡುವವನಲ್ಲ. ಮುಖ ಗಂಟು ಹಾಕಿಕೊಂಡು ಹೇಳಿದೆ.

"ನಮ್ಮನೇಲಿ ಏನೂ ತಗೊಳಲ್ಲಮ್ಮ, ಮುಂದೆ ಹೋಗಿ."

ಅವಳು ನಗಲಿಲ್ಲ. ಮುಖ ಕೆಂಪಗಾಯಿತು. "ಸರಿ, ಸರಿ, ಕ್ಷಮಿಸಿ" ಎಂದು ಹಿಂದೆ ಸರಿದು, ತಲೆ ತಗ್ಗಿಸಿ ಮೆಟ್ಟಿಲು ಇಳಿದಳು. ಸೈಕಲ್ಲನ್ನು ಎತ್ತಿಕೊಂಡು ರಸ್ತೆಯ ಕಡೆ ತಿರುಗಿಸಿದಳು.

ನನ್ನ ನಾಲಿಗೆಯನ್ನು ಕೈಯಲ್ಲಿದ್ದ ಚಾಕುವಿನಿಂದ ಕೊಯ್ದುಕೊಂಡಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನನ್ನ ಹೆಂಡತಿ ನನ್ನ ಬಾಗಿಲಿಗೆ ಬಂದಿದ್ದಳು, ನಾನು ಅವಳನ್ನು ಮುಂದೆ ಹೋಗು ಎಂದಿದ್ದೆ, ಅವಳು ಹೋಗುತ್ತಿದ್ದಳು.

"ಅಮ್ಮಾ!" ಎಂದು ಕೂಗಿದೆ. ಆರ್ಡಿಸ್ ಎಂದು ಕೂಗಲು ಆಗಲಿಲ್ಲ. "ನಿಲ್ಲಿ, ನಿಲ್ಲಿ. ಬಿಸಿಲು ಜೋರಾಗಿದೆ. ನೀರು ಕುಡ್ಕೊಂಡು ಹೋಗಿ."

ಅವಳು ಅನುಮಾನಿಸುತ್ತ ನಿಂತಳು. ನಾನು ಒಳಗೆ ಓಡಿ ಲೋಟದಲ್ಲಿ ನೀರು ತಂದೆ. ಅವಳು ಮೆಟ್ಟಿಲ ಮೇಲೆ ಕೂತು ಒಂದೇ ಗುಟುಕಿಗೆ ಕುಡಿದಳು. ನಾನು ಒಂದು ಮೆಟ್ಟಿಲು ಕೆಳಗೆ ಕೂತು ಅವಳ ಮುಖ ನೋಡಿದೆ. ನನ್ನನ್ನು ಅಷ್ಟು ಹತ್ತಿರದಿಂದ ನೋಡಿಯೂ ಅವಳ ಕಣ್ಣಿನಲ್ಲಿ ಏನೂ ಹೊತ್ತಿಕೊಳ್ಳಲಿಲ್ಲ. ನೀರು ಕೊಟ್ಟ ಪರಸ್ಥನನ್ನು ನೋಡುವ ಹಾಗೆ ಮರ್ಯಾದೆಯಿಂದ ನೋಡಿದಳು.

"ನೋಡಿ ಇದನ್ನ" ಎಂದು ಮಣಿಕಟ್ಟು ಚಾಚಿದಳು. 'ತಲುಪಿದಿರಿ' ಎಂದಿತ್ತು, ಬಾವುಟ ಇತ್ತು. "ಇದು ಯಾವತ್ತೂ ಸುಳ್ಳು ಹೇಳಲ್ಲ. ಇವತ್ತು ಏನೋ ಕೆಟ್ಟಿದೆ. ನಿಮ್ಮ ಮನೇನ ನಮ್ಮನೆ ಅಂತಿದೆ."

"ಹೌದಾ" ಎಂದೆ.

"ಸಾಥರ್ ಅಂತ, ನಿಮಗೆ ಗೊತ್ತಿರುತ್ತೇನೋ? ನಮ್ಮ ಯಜಮಾನ್ರು ಹಾಲಿನ ಟ್ಯಾಂಕರ್ ಓಡಿಸ್ತಿದ್ರು. ಸುತ್ತ ಊರಿಗೆಲ್ಲ ಗೊತ್ತು. ಬಾಯಿ ಜಾಸ್ತಿ."

"ಕೇಳಿದೀನಿ."

"ಮನಸ್ಸು ಒಳ್ಳೇದು. ಹೇಳ್ಕೊಳಲ್ಲ ಅಷ್ಟೇ. ನಾನು ಬರೋದು ತಡ ಆದ್ರೆ ಕತ್ತರಿಸಿದ ಹುಲ್ಲನ್ನೇ ಮತ್ತೆ ಕತ್ತರಿಸ್ತಾ ನಿಂತಿರ್ತಾನೆ. ನನಗೆ ಗೊತ್ತಾಗಲ್ಲ ಅನ್ಕೊಂಡಿದಾನೆ." ಅವಳು ಖಾಲಿ ಲೋಟವನ್ನು ಮೆಟ್ಟಿಲ ಮೇಲಿಟ್ಟಳು. "ಈಗ್ಲೂ ನಿಂತಿರ್ತಾನೆ, ಪಾಪ."

"ಫೋನ್ ಮಾಡ್ಲಾ ಅವರಿಗೆ?" ಎಂದು ಕೇಳಿದೆ. ಏಕೆ ಕೇಳಿದೆನೋ. ಹೂಂ ಅಂದಿದ್ದರೆ ನನ್ನ ಜೇಬಿನಲ್ಲೇ ಫೋನು ಹೊಡೆದುಕೊಳ್ಳುತ್ತಿತ್ತು.

"ಬೇಡ ಬೇಡ!" ನನ್ನ ತೋಳು ಹಿಡಿದುಕೊಂಡಳು. "ದಯವಿಟ್ಟು ಮಾಡ್ಬೇಡಿ. ಅವನು ಬಂದು ಕರ್ಕೊಂಡು ಹೋದ್ರೆ ಎಲ್ಲ ಮುಗೀತು. ನಾನು ಒಬ್ಬಳೇ ಮನೆಗೆ ಹೋಗ್ಬೇಕು. ಹಾಗಂತ ನಮ್ಮಿಬ್ರಿಗೂ ಮಾತಾಗಿದೆ. ಇಲ್ದಿದ್ರೆ ಸೈಕಲ್ ಕೊಟ್ಬಿಡ್ಬೇಕು. ಯಾವ ಕಡೆ ಅಂತ ನೀವು ಸ್ವಲ್ಪ ಹೇಳಿದ್ರೆ ಸಾಕು, ಯಾರಿಗೂ ಹೇಳ್ಬೇಡಿ. ದಾರಿ ಕೇಳೋದೇನೂ ತಪ್ಪಲ್ಲ ಅಲ್ವಾ? ಎಲ್ರೂ ಕೇಳ್ತಾರೆ."

"ಎಲ್ರೂ ಕೇಳ್ತಾರೆ" ಎಂದೆ.

ಇದೇ ಮನೆ ಕಣೇ, ನಾನೇ ಕಣೇ ಎಂದು ಅವಳ ಭುಜ ಹಿಡಿದು ಅಲುಗಿಸಬೇಕು ಅನ್ನಿಸಿತು. ಹಾಗೆ ಮಾಡಿದ್ದರೆ ಅವಳಿಗೆ ಗೊತ್ತಾಗುತ್ತಿತ್ತೋ ಏನೋ. ಗೊತ್ತಾಗಿದ್ದರೆ ತನ್ನ ಗಂಡನ ಮುಂದೆ ಕೂತು ಗಂಡನನ್ನು ವಿಚಾರಿಸಿದೆ ಅನ್ನುವುದೂ ಗೊತ್ತಾಗುತ್ತಿತ್ತು. ನನ್ನ ಕೈಯಿಂದ ಅದನ್ನು ಅವಳಿಗೆ ಕೊಡಲು ಆಗಲಿಲ್ಲ.

"ಈ ಮನೆ ಬಳಸ್ಕೊಂಡು ಹಿಂದೆ ಹೋಗಿ" ಎಂದು ತೋರಿಸಿದೆ. "ಹಿಂದ್ಗಡೆ ಒಂದು ಬಾಗಿಲಿದೆ. ಅದೇ ಸಾಥರ್ ಅವರದ್ದು."

"ಇಷ್ಟು ಹತ್ರಾನಾ?"

"ಇಷ್ಟು ಹತ್ರಾನೇ."

"ಹಾಗಾದ್ರೆ ವಾಚಿಂದೇನೂ ತಪ್ಪಿಲ್ಲ ನೋಡಿ" ಎಂದು ಮುಖ ಅರಳಿಸಿ ಎದ್ದಳು. "ನೀವು ಜೊತೆಗೆ ಬರ್ಬೇಡಿ, ಆಯ್ತಾ? ಅವನು ನೋಡಿದ್ರೆ ಯಾರೋ ಬಿಟ್ಟುಹೋದ್ರು ಅನ್ಕೊತಾನೆ. ನಿಮ್ಮಿಂದ ತುಂಬಾ ಉಪಕಾರ ಆಯ್ತು."

ನನ್ನ ಕೈ ಕುಲುಕಿದಳು. ಮದುವೆಗೆ ಮೊದಲೂ ಅವಳು ನನ್ನ ಕೈ ಕುಲುಕಿದ್ದು ನನಗೆ ನೆನಪಿಲ್ಲ.

ಸೈಕಲ್ ತಳ್ಳಿಕೊಂಡು ಮನೆಯ ಪಕ್ಕದಿಂದ ಹೋದಳು. ನಾನು ಮೂಲೆಯಲ್ಲಿ ನಿಂತು ಇಣುಕಿದೆ. ಗ್ಯಾರೇಜು ಕಂಡ ಮೇಲೆ ಅವಳ ಹೆಜ್ಜೆಯೇ ಬದಲಾಯಿತು. ಅನುಮಾನವಿಲ್ಲದೆ ಒಳಗೆ ಹೋದಳು, ಸೈಕಲ್ಲನ್ನು ಕೊಕ್ಕೆಗೆ ನೇತುಹಾಕಿದ ಸದ್ದು ಕೇಳಿತು. ಹೊರಗೆ ಬಂದು ಹಿಂಬಾಗಿಲ ಹಿಡಿ ತಿರುಗಿಸಿದಳು.

ಒಳಗಿನಿಂದ ಅವಳ ಕೂಗು ಕೇಳಿಸಿತು. "ಲೋವೆಲ್! ಬಂದೆ ಕಣೋ!"

ನಾನು ಮುಂಬಾಗಿಲ ಕಡೆ ಓಡಿದೆ. ನನ್ನ ಮನೆಗೆ ನಾನೇ ಕಳ್ಳನ ಹಾಗೆ ನುಗ್ಗಿ, ಕಣ್ಣೊರೆಸಿಕೊಂಡು, ಏದುಸಿರು ನುಂಗಿಕೊಂಡು ಅಡುಗೆಮನೆಗೆ ಹೋದೆ. ಅವಳು ಬೂಟು ಬಿಚ್ಚುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು, ನನ್ನನ್ನೇ ನೋಡಿದಳು.

"ಎಲ್ಲಿ ಹೋಗಿದ್ದೆ? ಎಷ್ಟು ಸಲ ಕೂಗೋದು?"

"ಇಲ್ಲೇ ಮುಂದೆ ಇದ್ದೆ."

"ಒಬ್ಬಳೇ ಬಂದೆ."

ದಿಬ್ಬಣದ ಮಾತು ನನ್ನ ಬಾಯಿಗೆ ಬರಲಿಲ್ಲ. "ಹೌದು" ಎಂದೆ. "ಒಬ್ಬಳೇ ಬಂದೆ."

"ಲೆಕ್ಕ ತಾನೇ?"

"ಲೆಕ್ಕ."

ಅವಳು ಹಾಡಿಕೊಳ್ಳುತ್ತ ಸ್ನಾನಕ್ಕೆ ಹೋದಳು. ನಾನು ಗ್ಯಾರೇಜಿಗೆ ಹೋಗಿ ಸೈಕಲ್ಲಿನ ಮುಂದೆ ನಿಂತೆ. ಸೀಟು ಇನ್ನೂ ಬೆಚ್ಚಗಿತ್ತು. ಒಂದು ದಿನ ಮೊದಲೂ ಬೇಡ, ಒಂದು ದಿನ ಆಮೇಲೂ ಬೇಡ ಎಂದಿದ್ದಳು. ಇನ್ನೊಂದು ದಿನ ಬಿಟ್ಟರೆ ಯಾವ ಮನೆಯ ಗಂಟೆ ಒತ್ತುತ್ತಾಳೋ, ಅಲ್ಲಿ ಯಾರು ಮುಂದೆ ಹೋಗು ಅನ್ನುತ್ತಾರೋ. ರೆನಾಟಾಗೆ ಫೋನ್ ಮಾಡಿದೆ.

"ನಾಳೆ ಬೆಳಿಗ್ಗೆ ಬಾ. ವ್ಯಾನ್ ತಗೊಂಡು ಬಾ."



"ಅವಳಿಗೆ ಹೇಳಿದೀಯಾ?" ಎಂದು ರೆನಾಟಾ ಕೇಳಿದಳು.

"ಲೆಕ್ಕ ಅಂತ ಹೇಳಿದೀನಿ" ಎಂದೆ. ಫೋನ್ ಇಟ್ಟುಬಿಟ್ಟೆ.

ಊಟಕ್ಕೆ ಕೂತಾಗ ಆರ್ಡಿಸ್‌ಳ ಕೂದಲು ಒದ್ದೆಯಾಗಿತ್ತು, ಕೆನ್ನೆ ಹೊಳೆಯುತ್ತಿತ್ತು. ಇಷ್ಟು ಖುಷಿಯಾಗಿ ಅವಳು ಉಂಡು ಎಷ್ಟೋ ದಿನವಾಗಿತ್ತು. ಮೂರನೇ ಸಲ ಆಲೂಗಡ್ಡೆ ಬಡಿಸಿಕೊಂಡಳು. ನನ್ನ ತಟ್ಟೆಯಲ್ಲಿ ಹಾಕಿದ್ದು ಹಾಗೇ ಇತ್ತು.

"ಮುಂದಿನ ಮನೆಯವನು ತುಂಬಾ ಒಳ್ಳೆಯವನು ಕಣೋ" ಎಂದಳು. "ಮೊದ್ಲು ಸ್ವಲ್ಪ ಒರಟಾಗಿ ಮಾತಾಡ್ದ. ಆಮೇಲೆ ನೀರು ಕೊಟ್ಟ. ನಿನಗೆ ಪರಿಚಯ ಇದೆಯಾ?"

"ಅಷ್ಟಾಗಿ ಇಲ್ಲ."

"ಕಣ್ಣೆಲ್ಲ ಕೆಂಪಾಗಿತ್ತು. ಒಬ್ಬನೇ ಇರೋ ಹಾಗಿದೆ. ಹೆಂಡ್ತಿ ಹೋಗ್ಬಿಟ್ಟಿರ್ಬೇಕು, ಪಾಪ." ಫೋರ್ಕು ಕೆಳಗಿಟ್ಟು ನನ್ನ ಮುಖ ನೋಡಿದಳು. "ಒಂದಿನ ಊಟಕ್ಕೆ ಕರೆಯೋಣ್ವಾ? ಶುಕ್ರವಾರ ಹೇಗೂ ಮೀನು ಮಾಡ್ತೀವಲ್ಲ."

"ಕರೆಯೋಣ" ಎಂದೆ.